ರೇಡಿಯೊ ಚಾಚಾ ಕಲಿಸಿದ ಮೂರು ಮಾತು

ಅವರ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಮೇಲಂಚು ತಲೆಗೆ ಅಂಟಿಕೊಂಡು, ಇಸ್ತ್ರಿ ಮಾಡಿದ ಅರಿವೆಯ ಮಡಿಕೆಯಂತೆ ಕಾಣುತ್ತಿತ್ತು. ಹಗಲೆಲ್ಲ ರೇಡಿಯೊಗೆ ಕಿವಿ ಒತ್ತಿ ಒತ್ತಿ ಹಾಗಾಯಿತೆಂದು ಆಳಂದದ ಬಜಾರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಅದನ್ನು ಒಪ್ಪಲಿಲ್ಲ. ಅವರ ಅಕ್ಕನ ಎಡಗಿವಿಯೂ ಹಾಗೆಯೇ ಇತ್ತು. ಆ ಮುದುಕಿ ಜನ್ಮದಲ್ಲಿ ರೇಡಿಯೊ ಮುಟ್ಟಿದವಳಲ್ಲ. ಆದರೆ ಸುದ್ದಿಯೊಂದು ಚೆಂದವಾಗಿದ್ದರೆ ಜನರಿಗೆ ಅಕ್ಕನ ಕಿವಿ ಕಾಣುವುದಿಲ್ಲ.

ಎಪ್ಪತ್ತರ ದಶಕದ ನಡುಭಾಗದಲ್ಲಿ ನಾನು ಹಿರೋಳ್ಳಿ ಬಿಟ್ಟು ಆಳಂದಕ್ಕೆ ಬಂದು ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟೆ. ಅವರ ರೇಡಿಯೊ ರಿಪೇರಿ ಅಂಗಡಿಗೂ ನನ್ನದಕ್ಕೂ ನಡುವೆ ಒಂದೇ ತಗಡಿನ ಗೋಡೆ. ನಾನು ಪಂಕ್ಚರ್ ತಿದ್ದುವಾಗ ಅತ್ತ ಕಡೆಯಿಂದ ಕಾದ ಸೀಸದ ವಾಸನೆ ಬರುತ್ತಿತ್ತು, ಜೊತೆಗೆ ಯಾವುದೋ ದೂರದೇಶದ ಹಾಡು. ಎಲ್ಲರಂತೆ ನಾನೂ ಅವರನ್ನು ಚಾಚಾ ಎಂದೇ ಕರೆದೆ.

ಅವರಿಗೆ ಜಪಾನೀ ಭಾಷೆಯ ಮೂರು ಮಾತು ಬರುತ್ತಿದ್ದವು. ಎಲ್ಲಿ ಕಲಿತರು ಎಂಬುದಕ್ಕೆ ಊರಿನಲ್ಲಿ ಒಂದು ದೊಡ್ಡ ಕಥೆಯಿತ್ತು: ಯುದ್ಧಕಾಲದಲ್ಲಿ ಬರ್ಮಾಕ್ಕೆ ಹೋಗಿ, ಜಪಾನಿಗಳ ಕೈಗೆ ಸಿಕ್ಕು, ಸೆರೆಯಲ್ಲಿದ್ದು ಬಂದವರಂತೆ. ಹೇಳಿದವರನ್ನೆಲ್ಲ ನಾನು ವಿಚಾರಿಸಿದೆ. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಕೊನೆಗೆ ಅವರನ್ನೇ ಕೇಳಿದೆ.

"ಬರ್ಮಾಕ್ಕ ಹೋಗಿದ್ರೇನ್ರಿ ಚಾಚಾ?"

"ಸೋಲಾಪುರಕ್ಕ ಹೋಗಿದ್ನೆಪಾ. ಅಲ್ಲಿ ನೀರು ಒಗ್ಗಲಿಲ್ಲ, ತಿರುಗಿ ಬಂದೆ."

ನಿಜ ಸಂಗತಿ ಸರಳವಾಗಿತ್ತು. ಅವರು ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ರಾಜ್ಯ ಬದಲಾಗಿ, ಕಚೇರಿಯ ಕಾಗದಗಳೆಲ್ಲ ಕನ್ನಡವಾದ ಮೇಲೆ ಅವರ ಆ ಓದು ಯಾವ ಕೆಲಸಕ್ಕೂ ಬಾರದೆ ಉಳಿಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಟೋಕಿಯೊ ನಗರದಿಂದ ಉರ್ದುವಿನಲ್ಲಿ ಒಂದು ಪ್ರಸಾರ ಬರುತ್ತಿತ್ತು. ಅದರ ಕೊನೆಯಲ್ಲಿ ಸ್ವಲ್ಪ ಹೊತ್ತು ಜಪಾನೀ ಪಾಠ. ಇಷ್ಟು ದೂರದಿಂದ ಯಾರೋ ತಮ್ಮ ಉರ್ದುವನ್ನು ಹುಡುಕಿಕೊಂಡು ಬರುತ್ತಿದ್ದಾರಲ್ಲ ಎಂಬುದೇ ಅವರಿಗೆ ದೊಡ್ಡ ಮಾತಾಗಿತ್ತು. ರಿಪೇರಿಗೆ ಬಂದ ಪ್ರತಿ ಸೆಟ್ಟನ್ನೂ ಅದೇ ನಿಲಯದ ಮೇಲೆ ಪರೀಕ್ಷಿಸುತ್ತಿದ್ದರು. ಟೋಕಿಯೊ ಹಿಡಿದರೆ ಸೆಟ್ಟು ಪಾಸು.

ಪಾಠಗಳು ನೂರಾರು ಬಂದುಹೋದರೂ ಅವರು ಹಿಡಿದುಕೊಂಡದ್ದು ಮೊದಲನೆಯದನ್ನು ಮಾತ್ರ: ಹೊಸಬರೆದುರು ಮರ್ಯಾದೆಯಿಂದ ತನ್ನ ಪರಿಚಯ ಹೇಳಿಕೊಳ್ಳುವುದು. ಮುಂದಿನವು ರೈಲು ನಿಲ್ದಾಣದಲ್ಲಿ ಕೇಳುವ ಮಾತು, ಮೀನು ಕೊಳ್ಳುವ ಮಾತು. "ಮೀನಿನ ಮುಳ್ಳಿಗೆ ನಾ ಹೆದರ್ತೇನಿ, ಟೇಸನ್ನು ನಮ್ಮೂರಿಗಿಲ್ಲ. ಅವೆಲ್ಲ ಕಲ್ತು ಏನ್ ಮಾಡ್ಲಿ?" ಎನ್ನುತ್ತಿದ್ದರು.

ಮೊದಲ ಮಾತು, ಹಾಜಿಮೆಮಾಶ್ತೆ. ಇದು ನಮ್ಮ ಮೊದಲ ಭೇಟಿ ಎಂದು ಅದರ ಭಾವ. ಎರಡನೆಯದು, ವತಾಶಿ ವಾ ಎಂದು ಹೇಳಿ, ತನ್ನ ಹೆಸರು ಸೇರಿಸಿ, ದೆಸ್ ಎಂದು ಮುಗಿಸುವುದು: ನಾನು ಇಂಥವನು. ಮೂರನೆಯದು ಉದ್ದ: ದೋಜೊ ಯೊರೊಶಿಕು ಒನೆಗಾಯಿಶಿಮಾಸ್. ಇದನ್ನು ಅವರು ಕನ್ನಡಕ್ಕೆ ತರುತ್ತಿದ್ದುದು, "ನನ್ನ ಮ್ಯಾಲ ನಿಮ್ಮ ದಯಾ ಇರಲಿ" ಎಂದು. ಈ ಮೂರನ್ನು ಹೇಳದೆ ಯಾವ ಗಿರಾಕಿಯೂ ತನ್ನ ರೇಡಿಯೊ ಒಯ್ಯುವಂತಿರಲಿಲ್ಲ. ಒಮ್ಮೆ ಜೇವರ್ಗಿ ಕಡೆಯ ಗೌಡರೊಬ್ಬರು ಜೀಪಿನಿಂದ ಇಳಿದು ಬಂದರು.

"ಹೇಳ್ರಿ ಗೌಡ್ರ, ವತಾಶಿ ವಾ..."

"ವತಾಶಿ ವಾ ಗೌಡ್ರು."

"ಗೌಡ್ರು ಅಂತ ಊರವರು ಅನ್ಲಿ. ನಿಮ್ಮ ಹೆಸರು ಹೇಳ್ರಿ."

"ನನ್ನ ಹೆಸರು ನಾನ ಹೇಳೂದೇನ್ ಸಾಬ್ರ? ಡ್ರೈವರ್ ಅದಾನಲ್ಲ, ಅವಂಗ ಕೇಳ್ರಿ."

"ಡ್ರೈವರ್ ಹೇಳಿದ್ರ ಟೋಕಿಯೊದಾಗ ನಡಿಯಂಗಿಲ್ರಿ. ಅವರವರ ಹೆಸರು ಅವರವರ ಬಾಯಿಂದನ ಬರಬೇಕು."

ಗೌಡರು ನಕ್ಕರು. ಅತ್ತಿತ್ತ ನೋಡಿ, ಗುಟ್ಟು ಹೇಳುವವರಂತೆ ಸಣ್ಣ ದನಿಯಲ್ಲಿ ತಮ್ಮ ಹೆಸರು ಹೇಳಿದರು. ಎಷ್ಟು ವರ್ಷಗಳಿಂದ ಅವರ ಬಾಯಿ ಆ ಹೆಸರನ್ನು ಆಡಿರಲಿಲ್ಲವೋ, ಹೇಳಿದ ಮೇಲೆ ತಾವೇ ಒಂದು ಕ್ಷಣ ಬೆರಗಾದಂತೆ ನಿಂತರು.

"ಜಪಾನಕ್ಕ ಹೋಗಾವ್ರೇನ್ರಿ ಚಾಚಾ?" ಎಂದು ಹುಡುಗರು ಚೇಷ್ಟೆ ಮಾಡುತ್ತಿದ್ದರು.

"ನಾ ಯಾಕ ಹೋಗ್ಲಿ? ನಮ್ಮೂರ ದರ್ಗಾಕ್ಕ ದೇಶದೇಶದ ಮಂದಿ ಬರ್ತದ. ಒಂದಿನ ಅಲ್ಲಿಯವನೊಬ್ಬ ಬಂದು ಅಂಗಡಿ ಮುಂದ ನಿಂತ್ರ, ನಾ ಮೂಕನಂಗ ನಿಲ್ಲಲೇನು?"

ಹಾಗೆ ಯಾರೂ ಬರಲಿಲ್ಲ. ಆ ಮೂರು ಮಾತು ಬೇಕಾದದ್ದು ತಗಡಿನ ಗೋಡೆಯ ಈಚೆಗಿದ್ದ ನನಗೆ.

ನಮ್ಮ ಕಡೆ ಹೊಸಬನನ್ನು ಯಾರೂ ಹೆಸರು ಕೇಳುವುದಿಲ್ಲ. ಯಾವ ಊರು, ಯಾರ ಪೈಕಿ, ಯಾರ ಮಗ ಎಂದು ಕೇಳುತ್ತಾರೆ. ಈ ಮೂರನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮಪ್ಪ ನಾಟಕ ಕಂಪನಿಯಲ್ಲಿ ಹಾಡಲು ಹೋದವರು ತಿರುಗಿ ಬರಲಿಲ್ಲ, ನಾನಾಗ ತೊಟ್ಟಿಲಲ್ಲಿದ್ದೆ. ನಟಿಯೊಬ್ಬಳ ಜೊತೆ ಓಡಿಹೋದರೆಂದು ಊರು ತೀರ್ಮಾನಿಸಿತ್ತು. ಒಬ್ಬ ಅವರನ್ನು ಬಾರ್ಶಿಯಲ್ಲಿ ನೋಡಿದೆನೆಂದ, ಇನ್ನೊಬ್ಬ ಮೀರಜಿನಲ್ಲಿ, ಮತ್ತೊಬ್ಬ ಗಾಣಗಾಪುರದಲ್ಲಿ ಭಿಕ್ಷೆಯ ಜೋಳಿಗೆ ಹಿಡಿದದ್ದನ್ನು. ಮೂವರು ಮೂರು ಊರು ಹೇಳುವ ಸುದ್ದಿಯನ್ನು ನಾನು ಸುದ್ದಿ ಎನ್ನುವುದಿಲ್ಲ. ನಮ್ಮವ್ವ ಯಾವುದನ್ನೂ ನಂಬದೆ, ಯಾವುದನ್ನೂ ಅಲ್ಲಗಳೆಯದೆ, ದಿನಾ ಮುಂಜಾನೆ ಇಷ್ಟಗಲ ಕುಂಕುಮ ಹಚ್ಚಿಕೊಳ್ಳುತ್ತಿದ್ದಳು.

ನನಗೆ ಬಂದ ಎರಡು ಸಂಬಂಧಗಳು ಇದೇ ಪ್ರಶ್ನೆಯ ಹತ್ತಿರ ಮುರಿದುಬಿದ್ದವು. ಮೂರನೆಯದು ಅಫಜಲಪುರ ತಾಲೂಕಿನ ಮಣ್ಣೂರಿನಿಂದ ಬಂತು. ಭೀಮೆಯ ದಂಡೆಯ ಊರು, ನಮ್ಮ ಸುದ್ದಿ ಅಲ್ಲಿಗಿನ್ನೂ ಮುಟ್ಟಿರಲಿಲ್ಲ. ನನ್ನ ಸೋದರಮಾವ ಅಂಗಡಿಗೆ ಬಂದು ಕುಳಿತು ಹೇಳಿದ:

"ಈ ಸಲ ನಿಮ್ಮಪ್ಪ ಸತ್ತಾನ ಅಂತ ಹೇಳ್ತೇನಿ. ನೀ ಬಾಯಿ ಮುಚ್ಕೊಂಡು ಕೂಡು."

"ಹಂಗಾದ್ರ ಅವ್ವನ ಕುಂಕುಮ?"

"ಲಗ್ನ ಆಗೂತನ ಅಕಿ ಮಣ್ಣೂರಿನವರ ಮುಂದ ಬರೂದ ಬ್ಯಾಡ. ಆಮ್ಯಾಲಿಂದು ಆಮ್ಯಾಲ."

ಮಾವ ಕೆಟ್ಟವನಲ್ಲ. ತಂಗಿಯ ಮಗನಿಗೆ ಒಂದು ಮನೆಯಾಗಲೆಂಬ ಆಸೆಯಿಂದಲೇ ಆ ಮಾತಾಡಿದ. ಆದರೆ ನನ್ನ ಲಗ್ನಕ್ಕಾಗಿ ನಮ್ಮವ್ವನನ್ನು ಮಾತಿನಲ್ಲಿ ವಿಧವೆ ಮಾಡುವುದು, ಮಾಡಿ ಬಚ್ಚಿಡುವುದು, ನನ್ನಿಂದಾಗದ ಕೆಲಸವಾಗಿತ್ತು. ನಿಜ ಹೇಳಿದರೆ ಸಂಬಂಧ ಉಳಿಯುವಂತೆಯೂ ಕಾಣಲಿಲ್ಲ.

ತಗಡಿನ ಗೋಡೆ ಗುಟ್ಟು ಕಾಯುವುದಿಲ್ಲ. ಮಾವ ಹೋದ ಮೇಲೆ ಚಾಚಾ ನನ್ನನ್ನು ಕರೆದರು. ಹೀಗೆ ಮಾಡು, ಹಾಗೆ ಮಾಡು ಎಂದು ಒಂದು ಮಾತೂ ಹೇಳಲಿಲ್ಲ. ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಟ್ಟು, "ನಿಂದ್ರು" ಎಂದರು.

ನಿಂತೆ. ಅಭ್ಯಾಸದಂತೆ ಕೈ ಜೋಡಿಸಿದೆ.

"ಕೈ ಜೋಡಿಸಬ್ಯಾಡ, ಬೇಡಾಕ ಬಂದಂಗ ಕಾಣ್ತದ. ಸಲಾಮೂ ಬ್ಯಾಡ. ಕೈ ತೊಡಿಗೆ ಹತ್ತಿರಲಿ. ಹಾಂ, ಈಗ ಬಾಗು. ಕುತ್ತಿಗಿ ಅಲ್ಲೋ ಬೇಟಾ, ಕುತ್ತಿಗಿ ಬಗ್ಗಿಸಿದ್ರ ಕಳ್ಳ ಸಿಕ್ಕಂಗ ಆಗ್ತದ. ನಡದಿಂದ ಬಾಗು. ಬೆನ್ನು ನೆಟ್ಟಗ ಇರಲಿ."

ಟೋಕಿಯೊದ ಪಾಠದಲ್ಲಿ ಬಾಗುವ ಕ್ರಮವನ್ನೂ ಬಾಯಿಮಾತಿನಲ್ಲೇ ವಿವರಿಸಿದ್ದರಂತೆ. ಕಣ್ಣಿಂದ ಕಾಣದ ನಮಸ್ಕಾರವನ್ನು ಅವರು ಕಿವಿಯಿಂದಲೇ ಕಲಿತಿದ್ದರು. ನಾನು ಬಾಗಿ ಮೂರು ಮಾತು ಹೇಳಿದೆ. ಅವರೂ ಎದ್ದು, ಅಷ್ಟೇ ಬಾಗಿ, ತಮ್ಮ ಹೆಸರು ಹೇಳಿ ದಯೆ ಕೇಳಿದರು. ನನಗಿಂತ ಇಮ್ಮಡಿ ವಯಸ್ಸಿನವರು ನನ್ನೆದುರು ಹಾಗೆ ಬಾಗಿದ್ದು ಕಂಡು ನಾಚಿಕೆಯಾಯಿತು.

"ಇದರಾಗ ಅಪ್ಪನ ಹೆಸರು ಎಲ್ಲಿ ಬರ್ತದ್ರಿ?" ಎಂದೆ.

"ಬರಂಗಿಲ್ಲ."

"ಮನೆತನದ್ದು?"

"ಅದೂ ಬರಂಗಿಲ್ಲ. ಜಪಾನ್ದಾಗ ಮೊದಲ ನೀ ನಿಂತಿರ್ತಿ. ಹಿಂದಿನವರು ಹಿಂದಿಂದ ಬರ್ತಾರ."

ಮಣ್ಣೂರಿನ ಆ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಹುಡುಗಿಯ ಅಜ್ಜ, ಮನೆಯವರೆಲ್ಲರ ಮುತ್ಯಾ, ಕಂಬಕ್ಕೆ ಒರಗಿ ಕುಳಿತಿದ್ದರು. ಹೆಣ್ಣು ನೋಡಲು ಹೋದ ಗಂಡು ನಮ್ಮಲ್ಲಿ ಮಾತಾಡುವ ಪದ್ಧತಿಯಿಲ್ಲ. ಅವನ ಪರವಾಗಿ ಹಿರಿಯರು ಆಡುತ್ತಾರೆ, ಅವನು ಚಹಾದ ಬಟ್ಟಲು ನೋಡುತ್ತ ಕೂಡುತ್ತಾನೆ. ಮಂಡಕ್ಕಿಯ ಸುಸಲಾ ತಿಂದು ಮುಗಿದ ಮೇಲೆ ಮುತ್ಯಾ ಮಾವನ ಕಡೆ ತಿರುಗಿದರು.

"ಹುಡುಗ ಯಾರ ಮಗರಿ?"

ಮಾವ ಗಂಟಲು ಸರಿಮಾಡಿಕೊಂಡ. "ಅದೇನದರಿ, ಇವರಪ್ಪ..."

ನಾನು ಎದ್ದು ನಿಂತೆ. ಕೈಗಳನ್ನು ತೊಡೆಗೆ ಹಚ್ಚಿ, ನಡದಿಂದ ಬಾಗಿ, ಚಾಚಾನ ಮಾತುಗಳನ್ನು ಕನ್ನಡದಲ್ಲಿ ಹೇಳಿದೆ: "ಇದು ನಮ್ಮ ಮೊದಲ ಭೇಟಿರಿ. ನನ್ನ ಹೆಸರು ಶರಣಪ್ಪ. ಆಳಂದದಾಗ ಸೈಕಲ್ ಅಂಗಡಿ ಅದ. ನನ್ನ ಮ್ಯಾಲ ನಿಮ್ಮ ದಯಾ ಇರಲಿ."

ಕಾಲು ಮುಟ್ಟದೆ, ಕೈ ಮುಗಿಯದೆ, ಹಿರಿಯರ ಮಾತು ಕಡಿದು, ಗಂಡು ತನ್ನ ಹೆಸರು ತಾನೇ ಹೇಳಿಕೊಂಡಿತ್ತು. ಹುಡುಗಿಯ ಕಾಕಾ ಮೀಸೆಯಲ್ಲೇ ನಕ್ಕು, "ಇದ್ಯಾವ ನಾಟಕ ಕಂಪನೀಪಾ?" ಎಂದ.

ಅವನಿಗೆ ಏನೂ ಗೊತ್ತಿರಲಿಲ್ಲ. ನನಗೆ ಮಾತ್ರ ಅದು ತೆರೆದ ಬಾಗಿಲಿನಂತೆ ಕಂಡಿತು. "ಕಂಪನಿ ನನ್ನದಲ್ರಿ, ನಮ್ಮಪ್ಪಂದು," ಎಂದೆ. "ಹಾಡಾಕ ಅಂತ ಹೋದವರು ತಿರುಗಿ ಬಂದಿಲ್ಲ. ಇದ್ದಾರೋ ಇಲ್ಲೋ ನನಗ ಗೊತ್ತಿಲ್ಲ, ಗೊತ್ತಿದ್ದವರು ಯಾರೂ ಸಿಕ್ಕಿಲ್ಲ. ನಮ್ಮವ್ವ ಕುಂಕುಮ ಹಚ್ಕೋತಾಳ. ಲಗ್ನದಾಗೂ ಹಚ್ಕೊಂಡ ಬರ್ತಾಳ. ಇಷ್ಟು ನಿಮಗ ಮೊದಲ ಹೇಳಬೇಕಿತ್ತು."

ಮಾವ ಜಮಖಾನೆಯ ದಾರ ಕೀಳುತ್ತ ಕುಳಿತ. ಮುತ್ಯಾ ಎಲೆಗೆ ಸುಣ್ಣ ಹಚ್ಚತೊಡಗಿದರು. ಅಷ್ಟರಲ್ಲಿ ಒಳಗಿನಿಂದ ಹುಡುಗಿ ಚಹಾದ ತಟ್ಟೆ ಹಿಡಿದು ಬಂದಳು. ಹೆಸರೇನವ್ವಾ ಎಂದು ನಾವು ಕೇಳಬೇಕು, ಅವಳು ತಲೆ ತಗ್ಗಿಸಿ ಹೇಳಬೇಕು, ಅದು ಪದ್ಧತಿ. ಅವಳು ತಟ್ಟೆ ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡು, ಎರಡೂ ಕೈಗಳನ್ನು ಸೀರೆಗೆ ಹಚ್ಚಿ, ಕಿಂಡಿಯಿಂದ ನೋಡಿದ್ದಷ್ಟನ್ನೇ ನೆನಪಿಟ್ಟುಕೊಂಡು, ನೆಟ್ಟಗಿನ ಬೆನ್ನಿನಿಂದ ಬಾಗಿದಳು.

"ಇದು ನಮ್ಮ ಮೊದಲ ಭೇಟಿರಿ. ನನ್ನ ಹೆಸರು ಗೌರಮ್ಮ. ನನ್ನ ಮ್ಯಾಲೂ ದಯಾ ಇರಲಿ."

ಒಳಗೆ ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಗುವುದು ಕೇಳಿಸಿತು. ಮುತ್ಯಾ ಎಲೆ ಮಡಚಿ ಬಾಯಿಗಿಟ್ಟುಕೊಂಡು ಮೀಸೆಯಲ್ಲಿ ನಕ್ಕಿದ್ದ ಮಗನ ಕಡೆ ನೋಡಿದರು.

"ಎರಡೂ ಒಂದ ಕಂಪನೀವು ಅದಾವಲೇ. ಇನ್ನ ನಾವು ಕೂತು ನೋಡೂದಷ್ಟ."

ಲಗ್ನದಲ್ಲಿ ನಮ್ಮವ್ವ ಮುಂದಿನ ಸಾಲಿನಲ್ಲಿ ಕುಳಿತಳು, ಕುಂಕುಮ ಎಂದಿಗಿಂತ ಒಂದಿಷ್ಟು ದೊಡ್ಡದಾಗಿಯೇ ಇತ್ತು. ಚಾಚಾ ಬಿಳಿಯ ಶೇರ್ವಾನಿ ತೊಟ್ಟು ಬಂದು, ಅಕ್ಷತೆಯ ಗದ್ದಲ ಮುಗಿದ ಮೇಲೆ ಮದುಮಗಳೆದುರು ನಿಂತು ಬಾಗಿ, ಮೂರು ಮಾತನ್ನೂ ಟೋಕಿಯೊದ ಭಾಷೆಯಲ್ಲೇ ಹೇಳಿದರು. ಗೌರಮ್ಮ ತಡವರಿಸಲಿಲ್ಲ, ಬಾಗಿ, ಕನ್ನಡದಲ್ಲಿ ಉತ್ತರ ಕೊಟ್ಟಳು.

ಕೆಲವು ವರ್ಷಗಳ ನಂತರ ಗುಲಬರ್ಗಾದ ರದ್ದಿ ಅಂಗಡಿಯಲ್ಲಿ ಜಪಾನಿನ ರೀತಿರಿವಾಜುಗಳ ಮೇಲೆ ರಟ್ಟು ಹೋದ ಪುಸ್ತಕವೊಂದು ಸಿಕ್ಕಿತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಕಲಿತದ್ದೆಲ್ಲ ರದ್ದಿಯಿಂದಲೇ. ಅದರಲ್ಲಿ ಓದಿದೆ: ಅಲ್ಲಿಯ ಜನ ಪರಿಚಯ ಹೇಳಿಕೊಳ್ಳುವಾಗ ಮೊದಲು ಬರುವುದು ಮನೆತನದ ಹೆಸರೇ, ಅವರ ಸ್ವಂತ ಹೆಸರು ಅದರ ಹಿಂದೆ. ಪುಸ್ತಕ ಹಿಡಿದುಕೊಂಡು ನೇರವಾಗಿ ಚಾಚಾನ ಅಂಗಡಿಗೆ ಹೋದೆ.

"ನೀವು ಹೇಳಿದ್ದು ಸುಳ್ಳು ಅದರಿ. ಅಲ್ಲೂ ಮನೆತನ ಮೊದಲ ಬರ್ತದ."

ಅವರು ಮೂಗಿಗೆ ಚಾಳೀಸು ಏರಿಸಿ ಪುಟವನ್ನು ನೋಡಿದರು. "ಹೌದೇನು? ಆವತ್ತು ರೇಡಿಯೊದಾಗ ಖರಖರ ಭಾಳ ಇತ್ತು ನೋಡು."

ನಾನು ಈ ಹೇಳಿಕೆಯನ್ನು ನಂಬಲಿಲ್ಲ, ಇಂದಿಗೂ ನಂಬುವುದಿಲ್ಲ. ಪಾಠ ಓದುತ್ತಿದ್ದ ಹೆಣ್ಣುಮಗಳು ಪ್ರತಿ ಸಂಜೆ ಮನೆತನದ ಹೆಸರು ಮೊದಲಿಟ್ಟೇ ತನ್ನ ಪರಿಚಯ ಹೇಳುತ್ತಿದ್ದಳು. ಗೋಡೆಯ ಈಚೆಗೆ ನನಗೇ ಕೇಳಿಸುತ್ತಿತ್ತು. ಅರ್ಥ ನನಗೆ ತಿಳಿದಿರಲಿಲ್ಲ, ಅವರಿಗೆ ತಿಳಿದಿತ್ತು. ಮಾವ ಬಂದುಹೋದ ಆ ದಿನ ನನ್ನ ಮುಂದೆ ನಿಂತಾಗ ಅವರು ಬೇಕೆಂದೇ ಒಂದು ದೇಶದ ಪದ್ಧತಿಯನ್ನು ನನ್ನ ಅಳತೆಗೆ ತಕ್ಕಂತೆ ಕತ್ತರಿಸಿ ಕೊಟ್ಟರು. ಕೇಳಿದ್ದನ್ನೆಲ್ಲ ಒರೆಗೆ ಹಚ್ಚುವುದು ನನ್ನ ಹಟ. ಒರೆಯಲ್ಲಿ ಸೋತರೂ ನಾನು ಇಟ್ಟುಕೊಂಡ ಮಾತು, ಮೊದಲ ನೀ ನಿಂತಿರ್ತಿ ಎಂಬ ಅದೊಂದೇ.

ತೊಂಬತ್ತರ ದಶಕದಲ್ಲಿ ಮನೆಮನೆಗೂ ಟಿವಿ ಬಂದು ರೇಡಿಯೊ ಅಂಗಡಿ ಮುಚ್ಚಿತು. ಅವರ ನೆನಪೂ ಸ್ವಲ್ಪ ಸ್ವಲ್ಪವೇ ಮಾಸಿತು. ನಾನೂ ಗೌರಮ್ಮನೂ ನೋಡಲು ಹೋದರೆ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕುಳಿತು, "ಯಾರ್ರಿ ತಾವು?" ಎಂದು ಕೇಳುತ್ತಿದ್ದರು. ಅವರ ಸೊಸೆ ಪಾಪ, "ಸೈಕಲ್ ಅಂಗಡಿ ಶರಣಪ್ಪರ್ರಿ ಅಬ್ಬಾ, ನಿಮ್ಮ ಬಾಜೂದವರು, ಮರ್ತೀರೇನು?" ಎಂದು ಜಗ್ಗಿ ಜಗ್ಗಿ ನೆನಪಿಸಲು ನೋಡುತ್ತಿದ್ದಳು. ಅವರ ಮುಖದಲ್ಲಿ ಗಾಬರಿ ಏಳುತ್ತಿತ್ತು.

ಒಂದು ದಿನ ನಾನು ಅವಳನ್ನು ತಡೆದೆ. ಕೈಗಳನ್ನು ತೊಡೆಗೆ ಹಚ್ಚಿ, ನಡದಿಂದ ಬಾಗಿದೆ. "ಹಾಜಿಮೆಮಾಶ್ತೆ."

ಗಾಬರಿ ಇಳಿಯಿತು. ಇದು ಮೊದಲ ಭೇಟಿಯಾದರೆ ಮರೆತದ್ದೇನೂ ಇಲ್ಲ. ಅವರು ನಿಧಾನವಾಗಿ ಎದ್ದು ನಿಂತರು, ಬೆನ್ನು ನೆಟ್ಟಗೆ ಮಾಡಿಕೊಂಡರು, ಬಾಗಿದರು. ತಮ್ಮ ಹೆಸರು ಹೇಳಿ, ನನ್ನ ದಯೆ ಕೇಳಿದರು. ಬಳಿಕ ಗೌರಮ್ಮನ ಕಡೆ ತಿರುಗಿ ಅವಳೆದುರೂ ಹಾಗೆಯೇ. ಆಮೇಲೆ ಮೂವರೂ ಹೊರಸಿನ ಮೇಲೆ ಕುಳಿತು ಚಹಾ ಕುಡಿದೆವು, ಆಗಷ್ಟೇ ಪರಿಚಯವಾದವರಂತೆ, ಬಹಳ ಸುಖವಾಗಿ. ಹೋದಾಗಲೆಲ್ಲ ಇದೇ ನಡೆಯಿತು. ಕೊನೆಗೆ ಅವರಿಗೆ ಎಲ್ಲವೂ ಮರೆತಿತ್ತೆಂದು ಊರು ಹೇಳುತ್ತದೆ. ಊರು ಎಂದಿನಂತೆ ವಿಚಾರಿಸದೆ ಹೇಳುತ್ತಿದೆ.

ಒಂದು ಚಳಿಗಾಲದ ಮುಂಜಾನೆ ಅವರು ತೀರಿಕೊಂಡರು. ಕಬರಸ್ತಾನಕ್ಕೆ ಹೋಗಿ ನಾನೂ ಒಂದು ಹಿಡಿ ಮಣ್ಣು ಹಾಕಿ, ಕೈ ತೊಡೆಗೆ ಹಚ್ಚಿ ಬಾಗಿ ಬಂದೆ.

ಇಷ್ಟೆಲ್ಲ ಬರೆದರೂ ಅವರ ಹೆಸರನ್ನು ಬರೆದಿಲ್ಲವಲ್ಲ ಎಂದು ಓದಿದವರು ಕೇಳಬಹುದು. ಅವರವರ ಹೆಸರು ಅವರವರ ಬಾಯಿಂದಲೇ ಬರಬೇಕೆಂಬುದು ಅವರ ನೇಮ. ಅದನ್ನು ಮುರಿಯುವ ಅಧಿಕಾರ ನನಗಿಲ್ಲ. ನಾನು ಹೇಳಬಹುದಾದದ್ದು ನನ್ನ ಹೆಸರೊಂದನ್ನೇ. ಅದನ್ನು ತಲೆಯೆತ್ತಿ ಹೇಳುವಂತೆ ಮಾಡಿದವರು, ಬಾಗುವುದನ್ನು ಕಲಿಸಿ, ಅವರು.