ಚಿನ್ನ ಬಂದ ದಿನ ಮಾವನ ಬ್ಯಾರನ್

ಆಗ ನಾನು ಪಿರಿಯಾಪಟ್ಟಣದಿಂದ ಮೈಸೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ನೋಡದ್ದನ್ನು ನೋಡಿದೆ ಎಂದು ಬರೆಯಬಾರದೆಂಬ ಶಿಸ್ತು ಅಲ್ಲಿ ಕಲಿತದ್ದು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಕಬಡ್ಡಿ ತಂಡ ಚಿನ್ನ ಗೆದ್ದ ಆ ಪಂದ್ಯವನ್ನು ನಾನು ನೋಡಿಲ್ಲ. ನೋಡಿದ್ದು, ರಾವಂದೂರಿನ ಹತ್ತಿರದ ಹಳ್ಳಿಯಲ್ಲಿ ಸೋದರಮಾವನ ಬ್ಯಾರನ್ ಮುಂದೆ ಏನಾಯಿತು ಎಂಬುದನ್ನು.

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಇಟ್ಟಿಗೆ ಕೋಣೆ. ಒಳಗೆ ಕಡ್ಡಿಗಳಿಗೆ ಕಟ್ಟಿದ ಹಸಿ ಎಲೆ, ಹಿಂದುಗಡೆ ಒಲೆ. ಎಲೆ ಪೂರ್ತಿ ಹಳದಿಯಾಗುವವರೆಗೆ ಉರಿಯನ್ನು ಹದದಲ್ಲಿ ಹಿಡಿದಿಡಬೇಕು. ಮೊದಲೇ ಏರಿಸಿದರೆ ಹಸಿರು ಹಾಗೇ ಉಳಿಯುತ್ತದೆ, ತಡವಾದರೆ ಕಂದು. ಮಾವ ಅವಸರದವರು. ಆ ವರ್ಷ ಹಿಂದಿನ ಎರಡು ಸಲವೂ ಎಲೆ ಹಸಿರಾಗಿಯೇ ಹೊರಬಂದಿತ್ತು. ಒಳಗಿದ್ದದ್ದು ಆ ಬೆಳೆಯ ಕೊನೆಯ ಎಲೆ. ಇದೂ ಕೆಟ್ಟರೆ ವರ್ಷದ ದುಡಿಮೆ ಹೋದ ಹಾಗೆ.

ಆದರೆ ಹರೆಯದಲ್ಲಿ ತಾಲ್ಲೂಕಿಗೆ ಕಬಡ್ಡಿ ಆಡಿದವರು ಅವರು. ಬ್ಯಾರನ್ ಬಿಟ್ಟು ಹೋಗುವಂತಿಲ್ಲ, ಪಂದ್ಯ ಬಿಡುವಂತಿಲ್ಲ. ರೇಡಿಯೋವನ್ನೇ ಬ್ಯಾರನ್ ಮುಂದಿನ ಚಪ್ಪರಕ್ಕೆ ತಂದರು. ಕಾಮೆಂಟರಿ ಹಿಂದಿಯಲ್ಲಿ. ಹಿಂದಿ ನಮಗಿಬ್ಬರಿಗೂ ಬಾರದು. ಅದಕ್ಕೆಂದೇ ಬೈಲಕುಪ್ಪೆಯ ಕ್ಯಾಂಪಿನಿಂದ ಮಾವನ ಟಿಬೆಟನ್ ಸ್ನೇಹಿತರೊಬ್ಬರು ಸ್ಕೂಟರಿನಲ್ಲಿ ಬಂದಿದ್ದರು. ಚಳಿಗಾಲದಲ್ಲಿ ಉತ್ತರದ ಊರುಗಳಿಗೆ ಹೋಗಿ ಸ್ವೆಟರ್ ಮಾರುತ್ತಿದ್ದರಿಂದ ಅವರಿಗೆ ಹಿಂದಿ ನೀರು ಕುಡಿದಷ್ಟು ಸಲೀಸು.

ಹಿಂದಿನ ಒಲೆಯ ಬಾಯಲ್ಲಿ ಅತ್ತೆ ಕೂತಿದ್ದರು. ಅಲ್ಲಿಗೆ ರೇಡಿಯೋ ಕೇಳಿಸದು, ಮಾವನ ಗಂಟಲು ಮಾತ್ರ ಕೇಳಿಸುತ್ತದೆ. ಅವರಿಬ್ಬರ ನಡುವೆ ಎರಡೇ ಮಾತಿನ ಒಪ್ಪಂದ. ‘ಇಡ್ಕೊ’ ಅಂದರೆ ಉರಿ ಇದ್ದಷ್ಟೇ ಇರಲಿ. ‘ಬುಡು’ ಅಂದರೆ ಸೌದೆ ತುಂಬಿ ಉರಿ ಏರಿಸು. ಪಂದ್ಯ ಶುರುವಾಗುವಾಗ ‘ಬುಡು’ ಅಂತೀನಿ ಎಂದು ಮಾವ ಹೇಳಿಟ್ಟಿದ್ದರು.

ಪಂದ್ಯ ಶುರುವಾಯಿತು. ಮಾವ ಮರೆತರು.

ಸ್ನೇಹಿತರು ರೇಡಿಯೋಗೆ ಕಿವಿಯಿಟ್ಟು ಕನ್ನಡದಲ್ಲಿ ಒಪ್ಪಿಸುತ್ತಿದ್ದರು: “ನಮ್ದು ಹುಡುಗ ಹೋದ ಅಣ್ಣ. ಒಬ್ಬನ್ನ ಮುಟ್ಟಿದ. ವಾಪಸ್ ಬಂದ.” ನಮ್ಮವರು ಗೆರೆ ದಾಟಿದಾಗ ಮಾವ ಉಸಿರು ಬಿಡುತ್ತಿರಲಿಲ್ಲ. ಎದುರಾಳಿ ನಮ್ಮ ಅಂಕಣಕ್ಕೆ ಕಾಲಿಟ್ಟರೆ ಸಾಕು, ಎದ್ದು ನಿಂತು ತೊಡೆ ತಟ್ಟಿ ಕೂಗುತ್ತಿದ್ದರು: “ಇಡ್ಕಳ್ಲಾ, ಬುಡ್ಬ್ಯಾಡ!” ಎಷ್ಟು ಸಲ ಕೂಗಿದರೋ ಲೆಕ್ಕ ಇಡಲಿಲ್ಲ. ಟಿಪ್ಪಣಿ ಪುಸ್ತಕ ತೆರೆದಿದ್ದೆ, ನಗುವಿನಲ್ಲಿ ಒಂದಕ್ಷರವೂ ಬರೆಯಲಿಲ್ಲ.

ಚಿನ್ನ ನಮ್ಮದಾಯಿತು ಎಂದು ಸ್ನೇಹಿತರು ಹೇಳಿದ್ದೇ ತಡ, ಮಾವ ಪಂಚೆ ಎತ್ತಿ ಕಟ್ಟಿ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಬ್ಯಾರನ್ ಸುತ್ತ ಓಡತೊಡಗಿದರು. ಸ್ನೇಹಿತರು ಹಿಂದೆ ಬಿದ್ದರು. ವಸ್ತುನಿಷ್ಠ ವರದಿಗಾರನಾದ ನಾನೂ ಚಪ್ಪಲಿ ಕಳಚಿಟ್ಟು ಓಡಿದೆ. ಹಿಂದಿನ ಮೂಲೆಯಲ್ಲಿ, ಕೈಯಲ್ಲಿ ಸೌದೆ ಹಿಡಿದು ಕಾದು ಕೂತಿದ್ದ ಅತ್ತೆಯ ಮುಂದೆ ಮಾವನ ಕಬಡ್ಡಿ ನಿಂತುಹೋಯಿತು.

“ಉರಿ ಏರಿಸ್ನಿಲ್ವಾ?”

“ಏರಿಸಾದೆಲ್ಲಿ? ಆಗ್ಲಿಂದ ಇಡ್ಕೊ, ಬುಡ್ಬ್ಯಾಡ ಅಂತ ಬಡ್ಕತಾ ಇದ್ದೋರು ನೀವೇ ಅಲ್ವಾ?” ಎಂದು ಅತ್ತೆ ತಣ್ಣಗೆ ಕೇಳಿದರು. “ಗಂಡುಸ್ರಿಗೆ ಅಂದಂಗೆ ನಂಗೆ ‘ಲಾ’ ಅಂದಿದ್ದ ಮಾತ್ರ ಆಮ್ಯಾಕೆ ಇಚಾರಿಸ್ಕತೀನಿ. ಮೊದ್ಲು ಒಲೆ ನೋಡವಾ ಅಂತ ಸುಮ್ಕಿದ್ದೆ.”

ಯಾರೂ ನಗಲಿಲ್ಲ. ಮಾವ ಮುಂದಕ್ಕೆ ಬಂದು ಟಾರ್ಚು ಹಿಡಿದು ಬಾಗಿಲ ಗಾಜಿನ ಕಿಂಡಿಗೆ ಮುಖ ಒತ್ತಿದರು. ಬಹಳ ಹೊತ್ತು ತೆಗೆಯಲಿಲ್ಲ. ಕೊನೆಗೆ ಟಾರ್ಚನ್ನು ನನ್ನ ಕೈಗೆ ಕೊಟ್ಟರು. ನೋಡಿದೆ. ಮೇಲಿನ ಸಾಲಿನ ಒಂದೆರಡು ಕಡ್ಡಿಗಳ ಎಲೆಯಂಚು ಕಂದಾಗಿತ್ತು, ಅದನ್ನೂ ದಾಖಲಿಸಬೇಕು. ಉಳಿದ ಎಲೆಯೆಲ್ಲ ನಿಂಬೆಹಣ್ಣಿನ ಬಣ್ಣ. ಮಾವ ಹೇಳಿದ್ದ ಹೊತ್ತಿಗೆ ಏರಿಸಿದ್ದರೆ ಇದೂ ಹಸಿರೇ ಉಳಿಯುತ್ತಿತ್ತು ಎಂಬುದು ಅವರಿಗೂ ಗೊತ್ತಾಗಿತ್ತು.

“ಅಣ್ಣ, ಇಲ್ಲೂ ಚಿನ್ನ,” ಎಂದರು ಸ್ನೇಹಿತರು. ಆಗ ಹತ್ತಿದ ನಗು ನಿಲ್ಲಲೇ ಇಲ್ಲ. ಮಾವ ಚಪ್ಪರದ ಕಂಬ ಹಿಡಿದು ಕೂತು ನಕ್ಕರು.

ನಕ್ಕು ಸುಸ್ತಾದ ಮೇಲೆ ಹಿಂದಕ್ಕೆ ಕೂಗಿದರು: “ಈಗ ಬುಡು.”

ಒಲೆಯ ಕಡೆಯಿಂದ ಅತ್ತೆಯ ದನಿ ಬಂತು: “ಈ ಮಾತು ನಂಗಾ, ರೇಡಿಯೋಕಾ?”

“ನಿಂಗೇ ಕಣಮ್ಮಿ,” ಎಂದರು ಮಾವ. ಆಮೇಲೆಯೇ ಸೌದೆ ಒಲೆಗೆ ಬಿದ್ದ ಸದ್ದು ಕೇಳಿಸಿತು.