ಪೂಜೆಯಾದ ಕಂಪ್ಯೂಟರ್ ಮುಟ್ಟಿದೆ, ಏನೀಗ?

ಆಯುಧಪೂಜೆಯ ದಿನ ನಮ್ಮ ಸಾಹೇಬರಿಗೆ ಎದುರುತ್ತರ ಕೊಟ್ಟೆ. ಅದೂ ಅವರು ಕೈಯಲ್ಲಿ ಪ್ರಸಾದ ಹಿಡಿದು ನಿಂತಿದ್ದಾಗ. ಪಶ್ಚಾತ್ತಾಪ? ಚೂರೂ ಇಲ್ಲ.

ಹೈದರಾಬಾದಿನ ಬಾಲಾನಗರದ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವಳು ಎಂಬುದು ನಿಮಗೆ ಗೊತ್ತೇ ಇದೆ. ಸಾಹೇಬರು ಬೆಳಗಾವಿ ಕಡೆಯವರು, ದೈವಭಕ್ತರು. ಪೂಜೆಗೆ ಆಫೀಸಿನ ಮೇಲ್ ನಡೆಸುವ ಸರ್ವರ್ ಹೊಸದಾಗಿರಬೇಕೆಂದು ಅವರ ಹಟ. ಹೊಸದು ಕೊಳ್ಳಲು ಮನಸ್ಸಿಲ್ಲ. ಹಾಗಾಗಿ ಹಿಂದಿನ ದಿನವೇ ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಿಸಿದರು. (ಹಬ್ಬ ಮುಗಿಯಲಿ ಎಂದು ಗೋಗರೆದೆ. ಕೇಳುವವರು ಯಾರು?) ಬೆಳಗ್ಗೆ ಕುಂಕುಮ, ಚೆಂಡುಹೂವು, ಊದುಬತ್ತಿ ಎಲ್ಲ ಆಯಿತು. ಮೇಲ್ ಮಾತ್ರ ಬರಲಿಲ್ಲ.

ಎಲ್ಲರ ಮೇಲ್ ಇರುವ ಡೇಟಾಬೇಸನ್ನು ಹಳೇ ಸಾಫ್ಟ್‌ವೇರ್ ತನ್ನದೇ ರೀತಿಯಲ್ಲಿ ಗಂಟು ಕಟ್ಟಿಟ್ಟಿತ್ತು. ಹೊಸದಕ್ಕೆ ಆ ಗಂಟು ಬಿಚ್ಚಲು ಬಾರದು. ಹಳೇ ಸಿಸ್ಟಮ್ ಇರುವ ಕಂಪ್ಯೂಟರಿನಲ್ಲಿ ಬಿಚ್ಚಿ, ಹೊಸದಕ್ಕೆ ತಿಳಿಯುವಂತೆ ಮತ್ತೆ ಕಟ್ಟಬೇಕು. ಅಷ್ಟೇ.

“ಅಷ್ಟೆಲ್ಲಾ ಯಾಕ್ರಿ? ಅಳಿಸಿಬಿಡ್ರಿ,” ಎಂದರು ಸಾಹೇಬರು. “ಹಳೇ ಮೇಲ್ ತೊಗೊಂಡು ಉಪ್ಪಿನಕಾಯಿ ಹಾಕ್ತೀರೇನು? ಹಬ್ಬದ ದಿನ ಹೊಸದಾಗಿ ಶುರು ಮಾಡೋಣು.”

ಪಕ್ಕದಲ್ಲಿದ್ದ ಡಿಸೈನ್ ವಿಭಾಗದ ಸುಲೋಚನಾಳ ಮುಖ ಬಿಳಿಚಿಕೊಂಡಿತು. ಪಂಪಿನ ಡ್ರಾಯಿಂಗ್‌ಗಳಿಗೆ ಗಿರಾಕಿ ಹೇಳಿದ ಒಂದೊಂದು ತಿದ್ದುಪಡಿಯೂ ಇದ್ದದ್ದು ಅವಳ ಮೇಲ್‌ನಲ್ಲೇ. ಅಳಿಸಿದರೆ ಅವಳ ವರ್ಷದ ದುಡಿಮೆ ನೀರುಪಾಲು.

“ನಾ ಅಳಸಂಗಿಲ್ರಿ ಸರ್,” ಎಂದೆ.

“ಅಂದ್ರ? ಹೇಳಿದ್ದು ಮಾಡ್ರಿ!”

“ಬ್ಯಾರೆಯವರ ಕಡಿಂದ ಮಾಡಸ್ರಿ. ನಾ ಅಂತೂ ಮಾಡಂಗಿಲ್ಲ.”

ಅಕೌಂಟ್ಸಿನ ತೆಲುಗು ಹುಡುಗಿಯರು ‘ಅಮ್ಮೋ’ ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು.

ಹಳೇ ಸಿಸ್ಟಮ್ ಉಳಿದಿದ್ದುದು ಸುಲೋಚನಾಳ ಕಂಪ್ಯೂಟರಿನಲ್ಲಿ ಮಾತ್ರ. ಅದಕ್ಕೂ ಪೂಜೆಯಾಗಿತ್ತು. ಪೂಜೆಯಾದ ಯಂತ್ರವನ್ನು ಆ ದಿನ ಯಾರೂ ಮುಟ್ಟುವಂತಿಲ್ಲ. ನಮ್ಮಲ್ಲಿ ಲೇತ್ ಕೂಡ ರಜೆಯ ಮೇಲಿರುತ್ತದೆ. (ಸರ್ವರ್‌ಗೆ ಮಾತ್ರ ರಜೆಯಿಲ್ಲ. ಸಾಹೇಬರಿಗೆ ಮೇಲ್ ಬೇಕಲ್ಲ!)

“ಪೂಜಾ ಆಗೇತಿ, ಮುಟ್ಟಬ್ಯಾಡ್ರಿ. ಅಪಶಕುನ!” ಸಾಹೇಬರು ಗುಡುಗಿದರು.

ಸುಲೋಚನಾ ಒಂದು ಕ್ಷಣ ದೇವಿಯ ಫೋಟೊ ನೋಡಿದಳು. ಆಮೇಲೆ ಕೀಬೋರ್ಡ್ ಮೇಲಿನ ಹೂವನ್ನು ತಾನೇ ತೆಗೆದಿಟ್ಟಳು.

“ನನ್ನ ದುಡಿಮಿ ಉಳಸಾಕ ಮುಟ್ಟಿದ್ರ ದೇವಿ ಏನೂ ಅನ್ನಂಗಿಲ್ರಿ. ಅಕ್ಕಾ, ನೀವು ಕಂಪ್ಯೂಟರ್ ಹಚ್ರಿ.”

ಹಚ್ಚಿದೆ. ಹೋಳಿಗೆ ಊಟ ಬಿಟ್ಟು ಕುಳಿತೆ. ಸಂಜೆಯೊಳಗೆ ಮೇಲ್‌ಗಳೆಲ್ಲ ವಾಪಸ್ ಬಂದವು. ಸುಲೋಚನಾ ಕುಣಿಯುವುದೊಂದು ಬಾಕಿ!

ನನಗೆ ಸಿಟ್ಟು ನೆತ್ತಿಗೇರಿದ್ದು ಯಾಕೆ ಗೊತ್ತೇ? ಸಾಹೇಬರು ಸ್ಕ್ರೀನ್ ಮೇಲೆ ಮೇಲ್ ಓದುವವರೇ ಅಲ್ಲ. ತಮಗೆ ಬಂದ ಪ್ರತಿಯೊಂದರ ಪ್ರಿಂಟ್ ತೆಗೆಸಿ, ಫೈಲ್ ಮಾಡಿಸಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಡೇಟಾಬೇಸ್ ಅಳಿದರೆ ಅವರದೇನು ಹೋಗುತ್ತಿತ್ತು? ಮಣ್ಣು! ಮನೆಯಲ್ಲಿ, ಓಣಿಯಲ್ಲಿ, ಆಫೀಸಿನಲ್ಲಿ ‘ಹಳೆಯದನ್ನು ಬಿಟ್ಟುಬಿಡಿ’ ಎಂದು ಉಪದೇಶ ಮಾಡುವವರನ್ನು ನೀವೂ ಒಮ್ಮೆ ಗಮನಿಸಿ. ಬಿಡಬೇಕಾದದ್ದು ಯಾವಾಗಲೂ ಬೇರೆಯವರದ್ದೇ ಆಗಿರುತ್ತದೆ.

ನನಗೆ ಮೆಮೊ ಕೊಡುತ್ತಾರಂತೆ. ಕೊಡಲಿ.

ಇನ್ನೊಮ್ಮೆ ‘ಹೊಸದಾಗಿ ಶುರು ಮಾಡೋಣು’ ಎಂದರೆ ಮೊದಲು ಆ ಬೀರುವಿನ ಕೀಲಿ ಕೇಳುತ್ತೇನೆ, ಕೊಡುತ್ತಾರಾ?