ಕೂನೂರಿನ ಬಂಗಲೆಯಲ್ಲಿ ಕೇಳಿದ ಪಿಟೀಲು

ಇದನ್ನು ಕಟ್ಟುಕಥೆ ಎನ್ನುವವರು ಎನ್ನಲಿ. ನಮ್ಮಮ್ಮನೇ ಇವತ್ತಿಗೂ "ಜ್ವರದಲ್ಲಿ ಏನೋ ಕಂಡಿರ್ತೀಯ, ಬಿಡು" ಅನ್ನುತ್ತಾಳೆ. ಆದರೆ ಆ ರಾತ್ರಿ ನಾನು ಒಬ್ಬಳೇ ಇರಲಿಲ್ಲ. ನನ್ನ ಪಕ್ಕದಲ್ಲಿ ಟಾರ್ಚು ಹಿಡಿದು ಇನ್ನೊಬ್ಬರು ನಿಂತಿದ್ದರು. ನಾನು ಕಂಡದ್ದನ್ನು ಅವರೂ ಕಂಡರು. ಕೇಳಿಸಿದ್ದು ಮಾತ್ರ ನನಗೊಬ್ಬಳಿಗೇ...

ನನ್ನ ಹೆಸರು ಲೀಲಾ. ಮನೆ ಬೆಂಗಳೂರಿನ ವಿಜಯನಗರದಲ್ಲಿ. ಆಗ ಸಂಗೀತದಲ್ಲಿ ಎಂ.ಎ. ಓದುತ್ತಿದ್ದೆ. ನನ್ನದು ಹಾಡುಗಾರಿಕೆ, ನನ್ನ ಗೆಳತಿ ರೂಪಾಳದು ಪಿಟೀಲು. ಅವಳು ಬ್ಯಾಡರಹಳ್ಳಿಯವಳು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅವರಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಅವಳಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಅವಳಿಗೆ ಬೇಕಾಗಿದ್ದದ್ದು ಪಿಟೀಲು ಒಂದೇ. ನಾನು ಎಲ್ಲಿ ಹಾಡಿದರೂ ಪಕ್ಕವಾದ್ಯಕ್ಕೆ ಅವಳೇ.

ಆ ಬೇಸಿಗೆಯಲ್ಲಿ ನಾವಿಬ್ಬರೂ ಕೂನೂರಿನ ಒಂದು ಸಂಗೀತ ಶಿಬಿರಕ್ಕೆ ಆಯ್ಕೆಯಾದೆವು. ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದಾಗ ರೂಪಾ ಪಿಟೀಲಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮೈಸೂರು ದಾಟಿದರೂ ಕೆಳಗಿಡಲಿಲ್ಲ.

"ಇದು ಸಿಗ್ಲಿಲ್ಲ ಅಂದ್ರೆ ನನ್ ಕಥೆ ಮುಗೀತು ಕಣೇ," ಅಂದಳು. ಶಿಬಿರದ ಕೊನೆಯ ಕಛೇರಿಯಲ್ಲಿ ಒಬ್ಬರನ್ನು ಆರಿಸಿ, ಚೆನ್ನೈನ ಹಿರಿಯ ವಿದ್ವಾಂಸರೊಬ್ಬರ ಮನೆಯಲ್ಲೇ ಇದ್ದು ಕಲಿಯಲು ಕಳಿಸುತ್ತಾರೆ ಎಂದಿದ್ದರು. "ಆಷಾಢ ಕಳೀತಿದ್ದ ಹಾಗೆ ಮದುವೆ ಅಂತ ಅಪ್ಪ ಮಾತು ಕೊಟ್ಬಿಟ್ಟಿದಾರೆ. ಹುಡುಗನ ಮನೇಲಿ ಪಿಟೀಲು ಗಿಟೀಲು ಎಲ್ಲ ಆಗಲ್ವಂತೆ."

ಕೂನೂರು ನಮ್ಮಂಥವರ ಊರಲ್ಲ. ಟೀ ತೋಟದ ಇಳಿಜಾರಿನ ಉದ್ದಕ್ಕೂ ಬಂಗಲೆಗಳು. ಒಂದೊಂದರ ಗೇಟಿಗೂ ಹಿತ್ತಾಳೆಯ ನಾಮಫಲಕ. ಮಾಲೀಕರು ಚೆನ್ನೈ, ಮುಂಬೈ, ಲಂಡನ್ನಿನಲ್ಲಿ. ಮೇ ತಿಂಗಳಲ್ಲಿ ಸ್ವಲ್ಪ ದಿನ ಬಂದರೆ ಬಂದರು, ಇಲ್ಲದಿದ್ದರೆ ಇಡೀ ವರ್ಷ ಬೀಗ. ಅಂಥದ್ದೊಂದು ಬಂಗಲೆಯ ಒಡತಿಯೇ ಶಿಬಿರ ನಡೆಸುತ್ತಿದ್ದರು. ಹುಲ್ಲುಹಾಸಿನ ಹಿಂದಿನ ಔಟ್‌ಹೌಸಿನಲ್ಲಿ ನಮ್ಮ ವಾಸ. ಹಗಲೆಲ್ಲ ಪಾಠ. ಸಂಜೆ, ಶಾಲು ಹೊದ್ದು ಗ್ಲಾಸು ಹಿಡಿದು ಕೂತ ಅತಿಥಿಗಳ ಮುಂದೆ ಕಛೇರಿ. ನಮ್ಮ ಹಾಡಿನ ಮಧ್ಯೆ ಅವರು ಜಮೀನಿನ ರೇಟು ಮಾತಾಡಿಕೊಳ್ಳುತ್ತಿದ್ದರು.

ಕೊನೆಯ ಕಛೇರಿ ಹತ್ತಿರ ಬಂದ ಹಾಗೆ ಎರಡು ಕೆಟ್ಟ ಸಂಗತಿಗಳಾದವು. ಮೊದಲನೆಯದು, ಆ ಮಂಜಿಗೆ ನನ್ನ ಗಂಟಲು ಕಟ್ಟಿತು. ಹಾಡುವುದಿರಲಿ, ಮಾತೂ ಹೊರಡುತ್ತಿರಲಿಲ್ಲ. ಬರೀ ಗಾಳಿ. ಎರಡನೆಯದು, ಶಿಬಿರದ ಗುರುಗಳು ಎಲ್ಲರೆದುರೇ ರೂಪಾಳಿಗೆ ಹೇಳಿದರು: "ಕೈ ಶುದ್ಧವಾಗಿದೆಯಮ್ಮ. ಆದ್ರೆ ನೀನು ಹಾಡೋರನ್ನ ಕೇಳಿಸ್ಕೊಳ್ತಾ ಇಲ್ಲ. ನಿನ್ನ ಪಾಡಿಗೆ ನೀನು ನುಡಿಸ್ತಾ ಇದೀಯ."

ಆ ರಾತ್ರಿ ರೂಪಾ ಊಟ ಮಾಡಲಿಲ್ಲ. ಮಾರನೇ ದಿನವೂ ಇಲ್ಲ. "ಕೇಳಿಸ್ಕೋತೀನಿ... ಕೇಳಿಸ್ಕೋತೀನಿ..." ಎಂದು ತನ್ನಷ್ಟಕ್ಕೇ ಗೊಣಗುತ್ತಾ ಓಡಾಡುತ್ತಿದ್ದಳು.

ಆ ದಿನ ಸಂಜೆ ಎಲ್ಲರನ್ನೂ ಕೆಳಗಿನ ಬಂಗಲೆಯೊಂದಕ್ಕೆ ಊಟಕ್ಕೆ ಕರೆದಿದ್ದರು. ಮೈ ಬಿಸಿಯಿದ್ದ ಕಾರಣ ನಾನು ಉಳಿದೆ. ರೂಪಾ ತನಗೂ ಊಟ ಬೇಡವೆಂದಳು.

"ಹಿಂದುಗಡೆ ಗಾಜಿನ ಮನೇಲಿ ಕೂತ್ಕೊಂಡಿರ್ತೀನಿ. ನೀನು ಮಲ್ಕೋ," ಅಂದು ಬಾಗಿಲು ಎಳೆದುಕೊಂಡು ಹೋದಳು. ಹೂಕುಂಡಗಳನ್ನು ಇಡುವ ಆ ಗಾಜಿನ ಮನೆಯಲ್ಲೇ ಅವಳು ದಿನಾ ಅಭ್ಯಾಸ ಮಾಡುತ್ತಿದ್ದುದು.

ಬಿಸಿನೀರಿನ ಹಬೆ ತೆಗೆದುಕೊಂಡು ಮಲಗಿದೆ. ಎಚ್ಚರವಾದಾಗ ಕತ್ತಲು. ಕರೆಂಟು ಹೋಗಿತ್ತು. ಕಿಟಕಿಯಾಚೆ ಮಂಜು ಗೋಡೆಯ ಹಾಗೆ ನಿಂತಿತ್ತು. ನೀಲಗಿರಿ ಎಲೆಯ ವಾಸನೆ, ಅದರೊಳಗೆ ಒದ್ದೆ ಬೂದಿಯಂಥ ಇನ್ನೊಂದು ವಾಸನೆ...

ಎಲ್ಲೋ ಪಿಟೀಲು ಕೇಳುತ್ತಿತ್ತು.

ಮುಖಾರಿ ರಾಗ. ರೂಪಾ ಅಷ್ಟು ಚೆನ್ನಾಗಿ ನುಡಿಸಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಹಾಸಿಗೆಯಲ್ಲೇ ಕೂತು ಕೇಳಿದೆ. ಸ್ವಲ್ಪ ಹೊತ್ತಿಗೆ ಏನೋ ಸರಿಯಿಲ್ಲ ಅನ್ನಿಸಿತು.

ಅವಳು ರಾಗದ ಒಂದು ತುಣುಕು, ಒಂದು ಸಂಚಾರ ನುಡಿಸುತ್ತಿದ್ದಳು. ಆಮೇಲೆ ಬಿಡುವು. ಮತ್ತೆ ಒಂದು ಸಂಚಾರ, ಮತ್ತೆ ಬಿಡುವು. ಒಬ್ಬರೇ ಕೂತು ಯಾರೂ ಹಾಗೆ ನುಡಿಸುವುದಿಲ್ಲ. ಹಾಡುವವರು ಒಂದು ಸಾಲು ಹಾಡಿ ನಿಲ್ಲಿಸಿದಾಗ ಪಕ್ಕವಾದ್ಯದವರು ಅದನ್ನೇ ಹಿಂಬಾಲಿಸಿ ನುಡಿಸುತ್ತಾರಲ್ಲ, ಹಾಗಿತ್ತು. ಬಿಡುವುಗಳು ಕೂಡ ಸರಿಯಾಗಿ ಒಂದು ಉಸಿರಿನಷ್ಟು ಉದ್ದ...

ಆ ಬಿಡುವಿನಲ್ಲಿ ಯಾರೋ ಹಾಡುತ್ತಿದ್ದರು. ನನಗದು ಕೇಳುತ್ತಿರಲಿಲ್ಲ, ಅಷ್ಟೇ.

ಮೊಬೈಲಿನ ಬೆಳಕು ಹಾಕಿಕೊಂಡು ಹೊರಗೆ ಓಡಿದೆ. ಗಾಜಿನ ಮನೆಯಲ್ಲಿ ಯಾರೂ ಇರಲಿಲ್ಲ. ಅವಳ ಚಪ್ಪಲಿ ಮಾತ್ರ ಬಾಗಿಲ ಬಳಿ ಜೋಡಿಸಿಟ್ಟಿತ್ತು. ಪಿಟೀಲು ಈಗ ಮೇಲಿನಿಂದ ಕೇಳುತ್ತಿತ್ತು, ಟೀ ಗಿಡಗಳ ಆಚೆಯಿಂದ. ಆ ಕಡೆ ನಡೆದರೆ ಬೆನ್ನ ಹಿಂದಿನಿಂದ. ತಿರುಗಿದರೆ ಎಡಕ್ಕೆ.

"ರೂಪಾ!" ಎಂದು ಕೂಗಿದೆ. ಅಂದರೆ, ಕೂಗಲು ಬಾಯಿ ತೆರೆದೆ. ಗಂಟಲಿಂದ ಗಾಳಿಯಷ್ಟೇ ಹೊರಟಿತು. ಮತ್ತೆ ಕೂಗಿದೆ. ಗಂಟಲು ಸೀಳಿದ ಹಾಗಾಯಿತು, ಬಾಯಲ್ಲಿ ರಕ್ತದ ರುಚಿ ಬಂತು. ಸದ್ದು ಮಾತ್ರ ಬರಲಿಲ್ಲ. ಇಷ್ಟು ವರ್ಷ ಹಾಡು ಕಲಿತವಳಿಗೆ ಅವತ್ತು ಗೆಳತಿಯ ಹೆಸರು ಹೇಳುವಷ್ಟು ದನಿಯೂ ಇರಲಿಲ್ಲ. ಒಂದು ಕಲ್ಲು ತೆಗೆದುಕೊಂಡು ಬೇಲಿಯ ಕಬ್ಬಿಣದ ಕಂಬಕ್ಕೆ ಬಡಿದೆ, ಬಡಿದೆ, ಅಳುತ್ತಾ ಬಡಿದೆ. ಪಿಟೀಲು ನಿಲ್ಲಲಿಲ್ಲ.

ಆ ಸದ್ದಿಗೆ ವಾಚ್‌ಮನ್ ಪೆರಿಯಸಾಮಿ ಓಡಿ ಬಂದರು. ವಯಸ್ಸಾದವರು. ಚಿಕ್ಕಂದಿನಲ್ಲಿ ಬೆಂಗಳೂರಿನ ಶ್ರೀರಾಂಪುರದಲ್ಲಿ ಬೆಳೆದವರಾದ್ದರಿಂದ ಕನ್ನಡ ಬರುತ್ತಿತ್ತು.

"ಏನಮ್ಮಾ, ಏನಾಯ್ತು?"

"ರೂಪಾ ಕಾಣ್ತಿಲ್ಲ..." ಪಿಸುಗುಟ್ಟಿದೆ. "ಪಿಟೀಲು ಕೇಳ್ತಿದೆಯಲ್ಲ ಅಣ್ಣ, ಎಲ್ಲಿಂದ ಅದು?"

ಅವರು ಕಿವಿಗೊಟ್ಟು ನಿಂತರು. ಆಮೇಲೆ ನನ್ನ ಮುಖವನ್ನೇ ನೋಡಿದರು. "ಏನೂ ಕೇಳ್ತಿಲ್ವಲ್ಲಮ್ಮಾ."

ಆ ಹೊತ್ತಿಗೆ ಅದು ಎಷ್ಟು ಜೋರಾಗಿತ್ತೆಂದರೆ ನನ್ನ ಹಲ್ಲುಗಳಲ್ಲಿ ನಡುಕ ಹುಟ್ಟಿತ್ತು. ಅವರ ಕೈ ಹಿಡಿದು ಎಳೆದುಕೊಂಡೇ ಹೋದೆ. ಈ ಸಲ ಸದ್ದು ದಿಕ್ಕು ಬದಲಿಸಲಿಲ್ಲ. ಇಳಿಜಾರು ಹತ್ತಿದ ಮೇಲೆ ಒಂದು ಬಂಗಲೆ. ಅದರ ಕಾವಲೂ ಅವರದೇ.

"ಇಲ್ಲಿ ಯಾರೂ ಇಲ್ಲಮ್ಮಾ. ಓನರು ಬಂದೇ ಎಷ್ಟೋ ವರ್ಷ ಆಯ್ತು. ಒಳಗಿನ ಕೀ ನನ್ನ ಹತ್ರಾನೂ ಇಲ್ಲ," ಅಂದರು. ಮುಂಬಾಗಿಲಿನ ಬೀಗಕ್ಕೆ ತುಕ್ಕು ಹಿಡಿದಿತ್ತು. ಮೆಟ್ಟಿಲ ಮೇಲಿನ ಪಾಚಿಯಲ್ಲಿ ಒಂದು ಹೆಜ್ಜೆ ಗುರುತೂ ಇರಲಿಲ್ಲ. ಆದರೂ ನನ್ನ ಸಮಾಧಾನಕ್ಕೆಂದು ಅವರು ಕಿಟಕಿಯ ಗಾಜು ಒರೆಸಿ ಟಾರ್ಚು ಬಿಟ್ಟರು.

ಬೆಳಕು ಒಳಗೆ ಬಿದ್ದ ಕ್ಷಣ ಪಿಟೀಲು ನಿಂತಿತು.

ಬಿಳಿ ಬಟ್ಟೆ ಹೊದಿಸಿದ ಕುರ್ಚಿ, ಸೋಫಾಗಳ ನಡುವೆ, ನೆಲದ ಮೇಲೆ ರೂಪಾ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತಲೆ ಸ್ವಲ್ಪ ಬಲಕ್ಕೆ ವಾಲಿತ್ತು. ನಾನು ಹಾಡುವಾಗಲೆಲ್ಲ ಅವಳು ನನ್ನ ಕಡೆ ವಾಲುತ್ತಿದ್ದುದು ಹಾಗೆಯೇ. ಎಡಗೈ ಮುಂದೆ ಚಾಚಿತ್ತು, ಬೆರಳುಗಳು ಸರಸರ ಓಡಾಡುತ್ತಿದ್ದವು. ಬಲಗೈ ಮೇಲಕ್ಕೂ ಕೆಳಕ್ಕೂ ತೂಗುತ್ತಿತ್ತು.

ಅವಳ ಕೈಯಲ್ಲಿ ಪಿಟೀಲು ಇರಲಿಲ್ಲ. ಕಮಾನೂ ಇರಲಿಲ್ಲ. ಎಡಗೈಯಿಂದ ರಕ್ತ ಮೊಣಕೈವರೆಗೆ ಇಳಿದಿತ್ತು.

"ಮುರುಗಾ..." ಎಂದು ಪೆರಿಯಸಾಮಿ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಕಿಟಕಿಗೆ ಹಣೆ ಚಚ್ಚಿಕೊಂಡೆ. ಕೊನೆಗೆ ಅವರೇ ಹಿಂದಿನ ಅಡುಗೆಮನೆಯ ಬಾಗಿಲನ್ನು ಹಾರೆಯಿಂದ ಮೀಟಿ ತೆಗೆದರು. ಅದರ ಚಿಲಕ ಒಳಗಿನಿಂದ ಹಾಕಿತ್ತು. ಉಳಿದ ಬಾಗಿಲುಗಳೂ ಹಾಗೇ. ಅವಳು ಒಳಗೆ ಹೋದದ್ದು ಹೇಗೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಅವಳನ್ನು ತಬ್ಬಿ ಕೈಗಳನ್ನು ಬಲವಂತವಾಗಿ ಹಿಡಿದುಕೊಂಡೆ. ಆಗ ನನ್ನತ್ತ ತಿರುಗಿದಳು. ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡೇ ಇರಲಿಲ್ಲ.

"ಯಾಕೆ ನಿಲ್ಲಿಸ್ದೆ ಲೀಲಾ? ಎಷ್ಟ್ ಚೆನ್ನಾಗ್ ಹಾಡ್ತಾ ಇದ್ದೆ..."

"ನನಗೆ ದನಿಯೇ ಇಲ್ವಲ್ಲೇ..." ಪಿಸುಗುಟ್ಟಿದೆ.

"ಸುಮ್ನಿರೇ. ಗಾಜಿನ ಮನೆ ಹತ್ರ ಬಂದು ನೀನೇ ತಾನೇ ಕರ್ಕೊಂಡ್ ಬಂದಿದ್ದು? 'ಏನಾದ್ರೂ ಆಗ್ಲಿ, ನಾನು ಸಾಕು ಅನ್ನೋ ತನಕ ನಿಲ್ಲಿಸ್ಬೇಡ' ಅಂದ್ಯಲ್ಲ. ನಾನು ನಿಲ್ಲಿಸ್ಲಿಲ್ಲ. ಪ್ರತಿಯೊಂದೂ ಕೇಳಿಸ್ಕೊಂಡೆ ಕಣೇ... ಪ್ರತಿಯೊಂದೂ..."

ಇಬ್ಬರೂ ಸೇರಿ ಅವಳನ್ನು ರೂಮಿಗೆ ಹೊತ್ತು ತಂದೆವು. ಕೈ ಒರೆಸಲು ಬಟ್ಟೆ ಹುಡುಕುತ್ತಾ ಬೀರು ತೆಗೆದರೆ ಅಲ್ಲಿ ಅವಳ ಪೆಟ್ಟಿಗೆ ಇತ್ತು. ತೆರೆದು ನೋಡಿದೆ. ಪಿಟೀಲು ಒಳಗೇ ಇತ್ತು. ಕಮಾನು ಸಡಿಲಿಸಿಟ್ಟಿತ್ತು, ಮೇಲೆ ರೇಷ್ಮೆ ಬಟ್ಟೆ ಮಡಿಸಿ ಹೊದಿಸಿತ್ತು. ತಂತಿಗಳ ಮೇಲೆ ಒಂದು ತೊಟ್ಟು ರಕ್ತವೂ ಇರಲಿಲ್ಲ.

ಊಟ ಮುಗಿಸಿ ಬಂದ ಒಡತಿ ನಮ್ಮ ಮಾತನ್ನು ಪೂರ್ತಿ ಕೇಳಲಿಲ್ಲ. "ಹುಡುಗಿಗೆ ಸ್ಟ್ರೆಸ್, ಪಾಪ," ಎಂದು ಬೆಳಗಾಗುವ ಮೊದಲೇ ಕಾರು ಮಾಡಿ ನಮ್ಮಿಬ್ಬರನ್ನೂ ಬೆಂಗಳೂರಿಗೆ ಸಾಗಹಾಕಿದರು. ಅತಿಥಿಗಳಿಗೆ ಗೊತ್ತಾಗಬಾರದಿತ್ತು. ದಾರಿಯುದ್ದಕ್ಕೂ ರೂಪಾ ನನ್ನ ಹೆಗಲ ಮೇಲೆ ಮಲಗಿದ್ದಳು. ಬ್ಯಾಂಡೇಜು ಸುತ್ತಿದ ಅವಳ ಬೆರಳುಗಳು ನನ್ನ ಮೊಣಕೈ ಮೇಲೆ ಆಡುತ್ತಲೇ ಇದ್ದವು. ಯಾವ ಸ್ವರ ಎಂದು ನನಗೆ ತಿಳಿಯುತ್ತಿತ್ತು. ತಿಳಿಯದಿದ್ದರೆ ಎಷ್ಟು ಚೆನ್ನಾಗಿತ್ತು!

ಮದುವೆ ನಿಂತುಹೋಯಿತು. ಅವರಪ್ಪ ರಾಜಾಜಿನಗರದ ಡಾಕ್ಟರರಿಂದ ಹಿಡಿದು ಊರೂರಿನ ದೇವರುಗಳವರೆಗೆ ಎಲ್ಲ ಕಡೆ ಓಡಾಡಿದರು. ಒಂದು ದಿನ ನನ್ನ ಮುಂದೆ ಕೈಮುಗಿದು, "ಬೇಕಾದ್ರೆ ಹತ್ತು ಪಿಟೀಲು ಕೊಡಿಸ್ತೀನಮ್ಮ, ಚೆನ್ನೈಗೂ ಕಳಿಸ್ತೀನಿ, ನೀನು ಒಂದ್ ಮಾತು ಹೇಳು ಅವಳಿಗೆ," ಎಂದು ಅತ್ತರು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡಲಾಗಲಿಲ್ಲ. ರೂಪಾ ಪಿಟೀಲನ್ನು ಮತ್ತೆ ಮುಟ್ಟಲೇ ಇಲ್ಲ. ಅದರ ಅಗತ್ಯವೇ ಅವಳಿಗಿಲ್ಲ ಎನ್ನುವ ಹಾಗಿದ್ದಾಳೆ. ಬೆರಳ ತುದಿಯ ಗಾಯಗಳು ಒಣಗುತ್ತವೆ, ಮತ್ತೆ ಒಡೆಯುತ್ತವೆ.

ನನ್ನ ದನಿ ವಾರದೊಳಗೇ ಮರಳಿತು. ಈಗ ಬಸವೇಶ್ವರನಗರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಮುಖಾರಿ ಮಾತ್ರ ಹಾಡುವುದಿಲ್ಲ.

ಹೋದ ತಿಂಗಳು ಬ್ಯಾಡರಹಳ್ಳಿಗೆ ಹೋಗಿದ್ದೆ. ರೂಪಾ ಮಹಡಿಯ ರೂಮಿನಲ್ಲಿ ಗೋಡೆಗೊರಗಿ ಕೂತಿದ್ದಳು. ತಲೆ ಬಲಕ್ಕೆ ವಾಲಿತ್ತು, ಬೆರಳುಗಳು ಓಡುತ್ತಿದ್ದವು. ನನ್ನಿಂದ ತಡೆಯಲಾಗಲಿಲ್ಲ. ಅವಳ ಎರಡೂ ಕೈ ಹಿಡಿದು, ನನ್ನ ತುಂಬು ದನಿಯಲ್ಲಿ, ಕೆಳಗಿನ ಮನೆಯವರಿಗೂ ಕೇಳುವಂತೆ ಹೇಳಿದೆ: "ಸಾಕು ರೂಪಾ! ನಾನು ಲೀಲಾ ಹೇಳ್ತಾ ಇದೀನಿ, ಸಾಕು ಕಣೇ! ನಿಲ್ಸು!"

ಬೆರಳುಗಳು ನಿಂತವು. ಅವಳು ನನ್ನ ಕಡೆ ತಿರುಗಿ ನೋಡಿದಳು. ನನ್ನ ಮೇಲೆ ಅವಳಿಗೇ ಕನಿಕರ ಹುಟ್ಟಿದ ಹಾಗಿತ್ತು.

"ನೀನು ಹೇಳಿದ್ರೆ ಆಗಲ್ಲ ಲೀಲಾ," ಎಂದು ಪಿಸುಗುಟ್ಟಿದಳು. "ಅವಳು ಹೇಳ್ಬೇಕು."

ಆಮೇಲೆ ಮೆಲ್ಲಗೆ ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡಳು...